ಹರಿಕೇನ್ ಬರುವ ಮುನ್ನ: ಟ್ಯಾಂಪಾ ಸುತ್ತಮುತ್ತಲಿನ ಕನ್ನಡದ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಗಲ್ಫ್‌ನಲ್ಲಿ (ಫ್ಲೋರಿಡಾ ಪಕ್ಕದ ಮೆಕ್ಸಿಕೊ ಕೊಲ್ಲಿಯಲ್ಲಿ) ಒಂದು ಸುಳಿ, ಅಂದರೆ ಚಂಡಮಾರುತ, ಹುಟ್ಟಿದರೆ ಸಾಕು, ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಮೊದಲು ಬರುವ ಪ್ರಶ್ನೆ "ಕೆಟಗರಿ ಎಷ್ಟಂತೆ?" ಕೆಟಗರಿ ಹೇಳುವುದು ಗಾಳಿಯ ವೇಗವನ್ನು ಮಾತ್ರ. ಗಂಟೆಗೆ 74 ಮೈಲಿ ಮುಟ್ಟಿದರೆ ಒಂದು, 111 ಮುಟ್ಟಿದರೆ ಮೂರು, 157 ಮುಟ್ಟಿದರೆ ಐದು. ಸಮುದ್ರ ಎಷ್ಟು ಅಡಿ ಏರುತ್ತದೆ, ಮಳೆ ಎಷ್ಟು ಸುರಿಯುತ್ತದೆ ಅನ್ನುವ ಲೆಕ್ಕ ಅದರಲ್ಲಿ ಇಲ್ಲವೇ ಇಲ್ಲ. ಮೊದಲು ಕೇಳಬೇಕಾದದ್ದು ನಮ್ಮ ಮನೆಗೆ ನೀರು ಬರುತ್ತದಾ ಅಂತ.

2024ರಲ್ಲಿ ಇದು ಕಣ್ಣಿಗೆ ರಾಚುವ ಹಾಗೆ ಗೊತ್ತಾಯಿತು. ಸೆಪ್ಟೆಂಬರ್ 26ರಂದು ಹೆಲೀನ್ ಎಂಬ ಹರಿಕೇನ್ ದಡ ಮುಟ್ಟಿದ್ದು ಇಲ್ಲಿಂದ ನೂರು ಮೈಲಿಗಿಂತ ಜಾಸ್ತಿ ದೂರದ ಪೆರಿ ಎಂಬ ಊರಿನ ಹತ್ತಿರ. ಆದರೂ ಟ್ಯಾಂಪಾ ಬೇಯಲ್ಲಿ (ಊರಿನ ಪಕ್ಕದ ಕೊಲ್ಲಿ) ಸಮುದ್ರ ಆರೇಳು ಅಡಿ ಮೇಲೇರಿತು. ಪಿನೆಲಸ್ ಕೌಂಟಿಯೊಂದರಲ್ಲೇ (ಕೌಂಟಿ ಅಂದರೆ ಇಲ್ಲಿನ ಜಿಲ್ಲೆ) 12 ಜನ ಸತ್ತರು. 13 ದಿನ ಬಿಟ್ಟು, ಅಕ್ಟೋಬರ್ 9ರ ರಾತ್ರಿ, ಮಿಲ್ಟನ್ ಬಂತು. ಗಲ್ಫ್‌ನಲ್ಲಿ ಅದು ಕೆಟಗರಿ ಐದು ಮುಟ್ಟಿತ್ತು. ದಡ ಹತ್ತುವಾಗ ಮೂರಕ್ಕೆ ಇಳಿದು, ನಮ್ಮ ದಕ್ಷಿಣದ ಸಿಯೆಸ್ಟಾ ಕೀ ಮೇಲೆ ಹೋಯಿತು. ಬೇ ಒಳಗಿನ ನೀರು ಏರುವ ಬದಲು ಇಳಿಯಿತು. ಕಾರಣ ಸುಲಭ. ಹರಿಕೇನ್ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಸುಳಿ ನಮ್ಮ ಉತ್ತರಕ್ಕೆ ಹೋದರೆ ನೀರನ್ನು ಬೇ ಒಳಗೆ ದಬ್ಬುತ್ತದೆ, ದಕ್ಷಿಣಕ್ಕೆ ಹೋದರೆ ಹೊರಗೆ ಎಳೆಯುತ್ತದೆ. ಕೆಲವೇ ಮೈಲಿಗಳ ಆಟ. ಆದರೂ ಅದೇ ರಾತ್ರಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 18 ಇಂಚಿಗೂ ಮೀರಿ ಮಳೆ ಸುರಿಯಿತು.

ಈ ಬರಹ ಹಿಲ್ಸ್‌ಬರೋ, ಪಿನೆಲಸ್, ಪ್ಯಾಸ್ಕೊ ಕೌಂಟಿಗಳಲ್ಲಿ ಇರುವವರನ್ನು ಮನಸ್ಸಲ್ಲಿಟ್ಟುಕೊಂಡು ಬರೆದದ್ದು. ಹ್ಯೂಸ್ಟನ್‌ನಲ್ಲಿ ಇರುವವರು ಕೌಂಟಿ ಹೆಸರು, ಸೇತುವೆ ಹೆಸರು ಬದಲಿಸಿ ಓದಿಕೊಳ್ಳಬಹುದು.

ಬಿಸಿಲಿರುವಾಗಲೇ ಮುಗಿಸುವ ಕೆಲಸ

ಸೀಸನ್ ಜೂನ್ 1ರಿಂದ ನವೆಂಬರ್ 30ರವರೆಗೆ. ಸೆಪ್ಟೆಂಬರ್ ಎರಡನೇ ವಾರದ ಹೊತ್ತಿಗೆ ಅದು ತುತ್ತತುದಿಯಲ್ಲಿರುತ್ತದೆ. ಕೆಳಗಿನ ನಾಲ್ಕು ಕೆಲಸ ಮೇ ತಿಂಗಳಲ್ಲೇ ಆಗಬೇಕು. ಚಂಡಮಾರುತ ಕಾಣಿಸಿಕೊಂಡ ಮೇಲೆ ಇವುಗಳಲ್ಲಿ ಎರಡನ್ನು ಮಾಡಲು ಆಗುವುದೇ ಇಲ್ಲ.

ಒಂದು, ನಿಮ್ಮ ಇವ್ಯಾಕ್ಯುಯೇಷನ್ ಜೋನ್ (ಆದೇಶ ಬಂದಾಗ ಮನೆ ಬಿಡಬೇಕಾದ ಪ್ರದೇಶ) ಯಾವುದು ಅಂತ ಕೌಂಟಿಯ ವೆಬ್‌ಸೈಟಿನಲ್ಲಿ ವಿಳಾಸ ಹಾಕಿ ನೋಡಿ. ಎ ಅಂದರೆ ಎಲ್ಲರಿಗಿಂತ ಮೊದಲು ಹೊರಡಬೇಕಾದವರು, ಆಮೇಲೆ ಬಿ, ಸಿ, ಹೀಗೆ. ಇಲ್ಲೊಂದು ಗೊಂದಲ ಇದೆ. ವಿಮೆಗೆ, ಬ್ಯಾಂಕ್ ಸಾಲಕ್ಕೆ ಬಳಸುವ ಫ್ಲಡ್ ಜೋನ್ ಬೇರೆಯೇ. ಅದರಲ್ಲಿ ಎಇ, ಎಕ್ಸ್ ಅಂತೆಲ್ಲ ಅಕ್ಷರ ಬರುತ್ತವೆ. "ನಮ್ಮದು ಎಕ್ಸ್ ಜೋನ್, ಏನೂ ಆಗಲ್ಲ" ಅಂತ ನಿಶ್ಚಿಂತೆಯಿಂದ ಕೂತವರನ್ನು ನೋಡಿದ್ದೇನೆ. ಅದು ಸಾಲದ ಕಾಗದದ ಅಕ್ಷರ. ಸಮುದ್ರ ಉಕ್ಕಿದಾಗ ಮನೆ ಬಿಡಬೇಕಾ ಅಂತ ಹೇಳುವುದು ಇವ್ಯಾಕ್ಯುಯೇಷನ್ ಜೋನ್ ಮಾತ್ರ. ಫ್ರಿಜ್ ಮೇಲೆ ಬರೆದು ಅಂಟಿಸಿ. ನ್ಯೂ ಟ್ಯಾಂಪಾ, ವೆಸ್ಲಿ ಚಾಪೆಲ್ ಕಡೆಯ ಹಲವು ಮನೆಗಳು ಯಾವ ಜೋನ್‌ಗೂ ಸೇರುವುದಿಲ್ಲ. ಹಾಗಂತ ಮಳೆ ನೀರು ಬರುವುದಿಲ್ಲ ಅಂತೇನಲ್ಲ.

ಎರಡು, ವಿಮೆ. ಮನೆಯ ಮಾಮೂಲಿ ಪಾಲಿಸಿಯಲ್ಲಿ ನೆರೆ ನೀರಿಗೆ ಪರಿಹಾರ ಇರುವುದಿಲ್ಲ. ಫ್ಲಡ್ ಪಾಲಿಸಿ ಬೇರೆ ತೆಗೆದುಕೊಳ್ಳಬೇಕು. ಸರ್ಕಾರಿ ಯೋಜನೆಯ ಪಾಲಿಸಿ ಕೊಂಡ ದಿನದಿಂದ ಸಾಮಾನ್ಯವಾಗಿ 30 ದಿನ ಆದ ಮೇಲಷ್ಟೇ ಜಾರಿಗೆ ಬರುತ್ತದೆ. ಮಾಮೂಲಿ ಪಾಲಿಸಿಯನ್ನೂ ಸುಳಿ ಹತ್ತಿರ ಬಂದ ಮೇಲೆ ಕಂಪನಿಗಳು ಹೊಸದಾಗಿ ಕೊಡುವುದಿಲ್ಲ. ಹರಿಕೇನ್ ಡಿಡಕ್ಟಿಬಲ್ ಅನ್ನುವ ಸಾಲನ್ನೂ ಹುಡುಕಿ ಓದಿ. ಅದು ಡಾಲರ್‌ನಲ್ಲಿ ಇರುವುದು ಕಮ್ಮಿ, ಶೇಕಡಾ ಲೆಕ್ಕದಲ್ಲಿ ಇರುವುದೇ ಜಾಸ್ತಿ. ಮನೆಗೆ 4 ಲಕ್ಷ ಡಾಲರ್ ವಿಮೆ ಇದ್ದು ಡಿಡಕ್ಟಿಬಲ್ ಶೇ. 2 ಆದರೆ, ಮೊದಲ 8 ಸಾವಿರ ಡಾಲರ್ ನಿಮ್ಮ ಜೇಬಿನಿಂದಲೇ. ಬಾಡಿಗೆ ಮನೆಯಲ್ಲಿ ಇರುವವರು, ಓದಲು ಬಂದ ಹುಡುಗರು ರೆಂಟರ್ಸ್ ಪಾಲಿಸಿ ಮಾಡಿಸಿ. ಮನೆ ಮಾಲೀಕರ ವಿಮೆ ನಿಮ್ಮ ಲ್ಯಾಪ್‌ಟಾಪಿಗೆ ಬರಲ್ಲ.

ಮೂರು, ಮನೆಯ ವಿಡಿಯೊ. ಫೋನ್ ಹಿಡಿದು ಪ್ರತಿ ಕೋಣೆ ಸುತ್ತಿ. ಬೀರು ಬಾಗಿಲು ತೆಗೆದು ತೋರಿಸಿ, ಟಿವಿ ಹಿಂದಿನ ಸೀರಿಯಲ್ ನಂಬರ್ ಕಾಣಲಿ, ರೇಷ್ಮೆ ಸೀರೆಗಳೂ ಬರಲಿ. ಕ್ಲೌಡ್‌ಗೆ ಹಾಕಿ.

ನಾಲ್ಕು, ಗ್ಯಾರೇಜ್ ಬಾಗಿಲು. 1992ರಲ್ಲಿ ಆಂಡ್ರ್ಯೂ ಹರಿಕೇನ್ ದಕ್ಷಿಣ ಫ್ಲೋರಿಡಾದ ಹೋಮ್‌ಸ್ಟೆಡ್ ಊರನ್ನು ನೆಲಸಮ ಮಾಡಿದ ಮೇಲೆ ಫ್ಲೋರಿಡಾ ಕಟ್ಟಡ ನಿಯಮಗಳನ್ನು ಬಿಗಿ ಮಾಡಿತು. ಇಡೀ ರಾಜ್ಯಕ್ಕೆ ಒಂದೇ ನಿಯಮ ಜಾರಿಗೆ ಬಂದದ್ದು 2002ರಲ್ಲಿ. ಅದಕ್ಕಿಂತ ಹಳೆಯ ಮನೆಯಾದರೆ ಗ್ಯಾರೇಜ್ ಬಾಗಿಲು ಗಾಳಿಯ ಒತ್ತಡ ತಡೆಯುತ್ತದಾ ಅಂತ ಪರೀಕ್ಷೆ ಮಾಡಿಸಿ. ಆ ಬಾಗಿಲು ಒಳಗೆ ಕುಸಿದರೆ ಗಾಳಿ ನುಗ್ಗಿ ಸೂರನ್ನು ಕೆಳಗಿನಿಂದ ಮೇಲಕ್ಕೆ ಎತ್ತುತ್ತದೆ.

ಐದು ದಿನ ಇರುವಾಗ: ಕೋನ್ ಓದುವುದು

ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್ ಬೆಳಗ್ಗೆ 5, 11, ಸಂಜೆ 5, ರಾತ್ರಿ 11 ಗಂಟೆಗೆ ಹೊಸ ವರದಿ ಕೊಡುತ್ತದೆ. ಈ ನಾಲ್ಕು ಹೊತ್ತು ನೋಡಿದರೆ ಸಾಕು. ನಡುವೆ ಬರುವ ಯೂಟ್ಯೂಬ್ ಅಬ್ಬರ, ಬಣ್ಣ ಬಣ್ಣದ ಗೆರೆಗಳ ಫಾರ್ವರ್ಡ್‌ಗಳಿಗೆ ತಲೆ ಕೆಡಿಸಿಕೊಳ್ಳಬೇಡಿ.

ನಕ್ಷೆಯಲ್ಲಿ ಕಾಣುವ ಬಿಳಿ ಕೋನ್ ಸುಳಿಯ ಗಾತ್ರವನ್ನು ತೋರಿಸುವುದಿಲ್ಲ. ಸುಳಿಯ ನಡುಬಿಂದು ಎಲ್ಲೆಲ್ಲಿ ಹೋಗಬಹುದು ಅನ್ನುವ ಅಂದಾಜು ಅದು. ಹಿಂದಿನ ಐದು ವರ್ಷಗಳ ತಪ್ಪುಗಳ ಲೆಕ್ಕ ಹಾಕಿ ಅಗಲ ನಿರ್ಧರಿಸುತ್ತಾರೆ. ಮೂರರಲ್ಲಿ ಎರಡು ಸಲ ನಡುಬಿಂದು ಅದರೊಳಗೇ ಉಳಿಯುತ್ತದೆ. ಮೂರನೆಯ ಸಲ ಹೊರಗೂ ಹೋಗಬಹುದು. ಗಾಳಿ, ಮಳೆ, ಉಕ್ಕುವ ನೀರು ಕೋನ್ ಆಚೆಗೂ ನೂರಾರು ಮೈಲಿ ಚಾಚುತ್ತವೆ.

2022ರ ಇಯನ್ ನೆನಪಿರಬಹುದು. ದಿನಗಟ್ಟಲೆ ಎಲ್ಲರ ಕಣ್ಣು ಟ್ಯಾಂಪಾ ಮೇಲಿತ್ತು. ಫೋರ್ಟ್ ಮೈಯರ್ಸ್ ಕೋನ್‌ನ ಅಂಚಿನಲ್ಲಿತ್ತು, ಆದರೆ ಒಳಗೇ ಇತ್ತು. ಅಲ್ಲಿನ ಲೀ ಕೌಂಟಿಯಲ್ಲಿ ಮನೆ ಬಿಡಿ ಅನ್ನುವ ಆದೇಶ ಬಂದದ್ದು ಸೆಪ್ಟೆಂಬರ್ 27ರ ಬೆಳಗ್ಗೆ. ಮಾರನೆಯ ದಿನ ಮಧ್ಯಾಹ್ನವೇ ಇಯನ್ ದಡ ಮುಟ್ಟಿತು. ಫೋರ್ಟ್ ಮೈಯರ್ಸ್ ಬೀಚ್‌ನಲ್ಲಿ ನೀರು 10ರಿಂದ 15 ಅಡಿ ಏರಿತು. ಅಂಚಿನಲ್ಲಿ ಇದ್ದರೂ ನೀವು ಕೋನ್ ಒಳಗೇ ಇದ್ದೀರಿ ಅಂತ ತಿಳಿಯಿರಿ.

ಇನ್ನೆರಡು ಮಾತು ಗೊತ್ತಿರಲಿ. ಹರಿಕೇನ್ ವಾಚ್ ಅಂದರೆ ಬಿರುಗಾಳಿ ಶುರುವಾಗಲು ಸುಮಾರು 48 ಗಂಟೆ ಇದೆ, ಹರಿಕೇನ್ ಬರಬಹುದು. ವಾರ್ನಿಂಗ್ ಅಂದರೆ ಸುಮಾರು 36 ಗಂಟೆ ಇದೆ, ಬರುತ್ತದೆ ಅಂತಲೇ ಇಟ್ಟುಕೊಳ್ಳಿ. ಸ್ಟಾರ್ಮ್ ಸರ್ಜ್ ವಾರ್ನಿಂಗ್ ಅಂತ ಬೇರೆಯೇ ಒಂದು ಬರುತ್ತದೆ. ಅದು ಗಾಳಿ ದಡಕ್ಕೆ ದಬ್ಬುವ ಸಮುದ್ರದ ನೀರಿಗೆ ಸಂಬಂಧಿಸಿದ್ದು. ಈ ಎರಡು ವಾರ್ನಿಂಗ್ ಪೈಕಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಅದೇ.

ಪೆಟ್ರೋಲ್ ಈಗಲೇ ತುಂಬಿಸಿ. ಮಿಲ್ಟನ್ ಸಮಯದಲ್ಲಿ ಬಂಕ್‌ಗಳು ಸಾಲುಸಾಲಾಗಿ ಬರಿದಾದವು.

ಹೋಗುವುದಾ, ಇರುವುದಾ

ನಿಮ್ಮ ಜೋನ್ ಹೆಸರು ಕರೆದರೆ ಹೊರಡಬೇಕು. ಅಲ್ಲಿ ಚರ್ಚೆ ಬೇಡ. ಮೊಬೈಲ್ ಹೋಮ್‌ನಲ್ಲಿ ಇರುವವರು ಜೋನ್ ಯಾವುದಾದರೂ ಹೊರಡಬೇಕು. ಜೋನ್ ಇಲ್ಲದ, ಗಟ್ಟಿ ಮನೆಯವರು ಸಾಮಾನ್ಯವಾಗಿ ಮನೆಯಲ್ಲೇ ಇರುವುದು ಒಳ್ಳೆಯದು. ನೀರಿನಿಂದ ಓಡಿ, ಗಾಳಿಯಿಂದ ಅವಿತುಕೊಳ್ಳಿ ಅಂತ ಇಲ್ಲಿನ ಅಧಿಕಾರಿಗಳು ಪ್ರತಿ ವರ್ಷ ಹೇಳುವುದು ಇದನ್ನೇ. ಹೆದರಿಕೆಗೆ ಎಲ್ಲರೂ ಕಾರು ಹತ್ತಿದರೆ ನಿಜವಾಗಿ ಹೊರಡಬೇಕಾದ ಎ ಜೋನ್‌ನವರು ಐ-75 ಹೆದ್ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಎಲ್ಲಿಗೆ ಹೋಗಬೇಕು? ಅಟ್ಲಾಂಟಾಗೇ ಹೋಗಬೇಕು ಅಂತಿಲ್ಲ. ನೂರಾರು ಮೈಲಿ ಓಡುವ ಅಗತ್ಯವೇ ಇಲ್ಲ, ಎತ್ತರದ ಜಾಗಕ್ಕೆ ಹತ್ತಿಪ್ಪತ್ತು ಮೈಲಿ ಸರಿದರೂ ಸಾಕಾಗುತ್ತದೆ. ಸೇಂಟ್ ಪೀಟ್‌ನಲ್ಲಿ ಇರುವವರಿಗೆ ವೆಸ್ಲಿ ಚಾಪೆಲ್‌ನ ಗೆಳೆಯರ ಮನೆ ಸಾಕು. ಕನ್ನಡ ಕೂಟದ ಪರಿಚಯ ಉಪಯೋಗಕ್ಕೆ ಬರಬೇಕಾದದ್ದು ಇಂಥ ಹೊತ್ತಲ್ಲೇ ಅಲ್ವಾ? ಸಂಕೋಚ ಬಿಟ್ಟು ಜೂನ್‌ನಲ್ಲೇ ಕೇಳಿಟ್ಟುಕೊಳ್ಳಿ. "ಎ ಜೋನ್ ಕರೆದರೆ ನಾಲ್ಕು ಜನ, ಒಂದು ನಾಯಿ ಬರುತ್ತೇವೆ, ಹಾಸಿಗೆ ನಾವೇ ತರುತ್ತೇವೆ." ಇಷ್ಟೇ ಮಾತು. ಗಟ್ಟಿ ಜಾಗದಲ್ಲಿ ಇರುವವರು ತಾವಾಗಿಯೇ ಕರೆದರೆ ಇನ್ನೂ ಚಂದ.

ಊರಲ್ಲಿ ನದಿ ಉಕ್ಕಿದರೆ ತಹಶೀಲ್ದಾರರು ಬರುತ್ತಾರೆ, ದೋಣಿ ಬರುತ್ತದೆ, ಗಂಜಿ ಕೇಂದ್ರ ತೆರೆಯುತ್ತಾರೆ. ಇಲ್ಲಿ ಆದೇಶ ಫೋನಿಗೆ ಬರುತ್ತದೆ. ಹೊರಡುವುದು ಬಹುತೇಕ ನಿಮ್ಮ ಕಾರಲ್ಲಿ, ನಿಮ್ಮ ಜವಾಬ್ದಾರಿಯಲ್ಲಿ. ಊರಿನಿಂದ ಹೊಸದಾಗಿ ಬಂದವರಿಗೆ ಇದು ಬೇಗ ತಲೆಗೆ ಹೋಗುವುದಿಲ್ಲ. ಯಾರೂ ಬಾಗಿಲು ಬಡಿಯಲಿಲ್ಲ ಅಂದರೆ ಪರವಾಗಿಲ್ಲ ಅಂತ ಅರ್ಥ ಅಲ್ಲ. ಗಾಳಿ ಜೋರಾದ ಮೇಲೆ 911ಕ್ಕೆ ಫೋನ್ ಮಾಡಿದರೂ ಆಂಬುಲೆನ್ಸ್ ಹೊರಡುವುದಿಲ್ಲ.

ಶೆಲ್ಟರ್‌ಗಳೂ ಇವೆ, ಹೆಚ್ಚಾಗಿ ಶಾಲೆಗಳಲ್ಲಿ. ಹಾಸಿಗೆ, ಹೊದಿಕೆ, ತಿಂಡಿ ನೀವೇ ಒಯ್ಯಬೇಕು. ಸಸ್ಯಾಹಾರಿಗಳಂತೂ ಊಟ ಕಟ್ಟಿಕೊಂಡೇ ಹೋಗಿ. ಸಾಕುಪ್ರಾಣಿಗೆ ಜಾಗ ಇರುವ ಶೆಲ್ಟರ್ ಬೇರೆ ಇರುತ್ತದೆ. ಆಕ್ಸಿಜನ್ ಬೇಕಿರುವವರು, ವಿದ್ಯುತ್ ಉಪಕರಣದ ಮೇಲೆ ಬದುಕು ನಿಂತಿರುವವರು ಕೌಂಟಿಯ ವಿಶೇಷ ಅಗತ್ಯಗಳ ಪಟ್ಟಿಯಲ್ಲಿ ಮೊದಲೇ ಹೆಸರು ಬರೆಸಬೇಕು.

ಹೊರಡುವುದಾದರೆ ಹಗಲಲ್ಲೇ ಹೊರಡಿ. ಪಿನೆಲಸ್ ಮೂರು ಕಡೆ ನೀರಿರುವ ನೆಲ. ಸನ್‌ಶೈನ್ ಸ್ಕೈವೇ, ಹೊವರ್ಡ್ ಫ್ರ್ಯಾಂಕ್‌ಲೆಂಡ್, ಗ್ಯಾಂಡಿ ಸೇತುವೆಗಳನ್ನು ಗಾಳಿ ಏರಿದಾಗ ಮುಚ್ಚುತ್ತಾರೆ. ಅದಕ್ಕೆ ಗಂಟೆ, ಮುಹೂರ್ತ ಮೊದಲೇ ಹೇಳುವುದಿಲ್ಲ.

ಒಲೆ ಇಲ್ಲದ ಅಡುಗೆಮನೆ

ಇಲ್ಲಿನ ಬಹಳಷ್ಟು ಮನೆಗಳಲ್ಲಿ ಒಲೆಯೂ ಕರೆಂಟಿನದೇ. ಕರೆಂಟ್ ಹೋದರೆ ಅನ್ನ ಇಲ್ಲ, ಸಾರು ಇಲ್ಲ, ಕಾಫಿಯೂ ಇಲ್ಲ. ಮಿಲ್ಟನ್ ಬಂದಾಗ ಫ್ಲೋರಿಡಾದಲ್ಲಿ 30 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಗಿತ್ತು. ಸರ್ಕಾರಿ ಪಟ್ಟಿಗಳಲ್ಲಿ ಟ್ಯೂನಾ ಡಬ್ಬಿ, ಪೀನಟ್ ಬಟರ್ ಅಂತ ಬರೆದಿರುತ್ತಾರೆ. ನಮ್ಮ ಅಜ್ಜಿಯಂದಿರು ಒಲೆ ಹಚ್ಚದೆ ತಿನ್ನುವ ತಿಂಡಿಯನ್ನು ಎಂದೋ ಕಂಡುಹಿಡಿದಾಗಿದೆ.

ಅವಲಕ್ಕಿಗೆ ಸಾಟಿಯಿಲ್ಲ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆಯ ಹದಕ್ಕೆ ತಿರುವಿ ಡಬ್ಬಿಗೆ ತುಂಬಿಡಿ. ಕರೆಂಟ್ ಇರುವಾಗಲೇ ಪುಳಿಯೋಗರೆ ಗೊಜ್ಜು ಮಾಡಿ. ಹುಣಸೆ, ಬೆಲ್ಲ, ಸಾರಿನ ಪುಡಿ ಹಾಕಿ, ಎಣ್ಣೆ ಮೇಲೆ ತೇಲುವವರೆಗೆ ಕುದಿಸಿದರೆ ಫ್ರಿಜ್ ಇಲ್ಲದೆಯೂ ದಿನಗಟ್ಟಲೆ ಕೆಡುವುದಿಲ್ಲ. ಬೇಕಾದಾಗ ಅವಲಕ್ಕಿ ರವೆಗೆ ಬಾಟಲಿ ನೀರು ಚಿಮುಕಿಸಿ ಹತ್ತು ನಿಮಿಷ ಬಿಡಿ, ಗೊಜ್ಜು ಕಲಸಿ, ಹುರಿದಿಟ್ಟ ಕಡಲೆಬೀಜ ಉದುರಿಸಿ. ಗೊಜ್ಜವಲಕ್ಕಿ ಸಿದ್ಧ. ಅನ್ನಕ್ಕೆ ಮಾತ್ರ ಕಲಸಿಡಬೇಡಿ. ಎಸಿ ಇಲ್ಲದ ಫ್ಲೋರಿಡಾ ಸೆಕೆಯಲ್ಲಿ ಅನ್ನ ಬೇಗ ಹಳಸುತ್ತದೆ.

ರಾಗಿ ಹುರಿಹಿಟ್ಟು ಇನ್ನೊಂದು ವರ. ಹಾಲಿನ ಪುಡಿ, ಬೆಲ್ಲದ ಪುಡಿ, ನೀರು ಸೇರಿಸಿದರೆ ಮಕ್ಕಳ ಹೊಟ್ಟೆ ತುಂಬುತ್ತದೆ. ಡಬ್ಬಿಯ ಬೇಯಿಸಿದ ಕಡಲೆಗೆ ಈರುಳ್ಳಿ, ನಿಂಬೆ ಹಿಂಡಿದರೆ ಉಸಲಿ. ಕೈಯಲ್ಲಿ ತಿರುಗಿಸುವ ಡಬ್ಬಿ ಓಪನರ್ ಇರಲಿ, ಕರೆಂಟಿನದು ಸುಮ್ನೆ ದಂಡ. ಚುರುಮುರಿ, ಕೋಡುಬಳೆ, ಚಟ್ನಿಪುಡಿ, ಬಾಳೆಹಣ್ಣು, ಬ್ರೆಡ್. ಕ್ಯಾಂಪ್ ಸ್ಟವ್ ಇದ್ದರೆ ಒಳ್ಳೆಯದೇ, ಆದರೆ ಮನೆಯೊಳಗೆ, ಗ್ಯಾರೇಜಿನೊಳಗೆ ಹಚ್ಚಲೇಬೇಡಿ.

ಫ್ರಿಜ್ ಬಾಗಿಲು ತೆಗೆಯದೆ ಇದ್ದರೆ ತಂಪು ಸುಮಾರು 4 ಗಂಟೆ ಉಳಿಯುತ್ತದೆ. ಕಿಕ್ಕಿರಿದು ತುಂಬಿದ ಫ್ರೀಜರ್ 48 ಗಂಟೆ ತಡೆಯುತ್ತದೆ. ಖಾಲಿ ಜಾಗಕ್ಕೆ ನೀರಿನ ಚೀಲ ಹೆಪ್ಪುಗಟ್ಟಿಸಿ ತುಂಬಿ. ದೋಸೆ ಹಿಟ್ಟು ಮೊದಲು ಕೈ ಕೊಡುತ್ತದೆ, ಹಿಂದಿನ ದಿನವೇ ಹುಯ್ದು ತಿಂದು ಮುಗಿಸಿ. ಮನೆ ಬಿಟ್ಟು ಹೋಗುವವರಿಗೆ ಒಂದು ಉಪಾಯ. ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ, ಮೇಲೊಂದು ನಾಣ್ಯ ಇಟ್ಟು ಫ್ರೀಜರಿನಲ್ಲೇ ಬಿಡಿ. ವಾಪಸ್ ಬಂದಾಗ ನಾಣ್ಯ ತಳದಲ್ಲಿದ್ದರೆ ನಡುವೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಎಲ್ಲವನ್ನೂ ಎಸೆಯಿರಿ.

ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ 3.8 ಲೀಟರ್. ನಾಲ್ಕು ಜನಕ್ಕೆ ಒಂದು ವಾರಕ್ಕೆ 28 ಗ್ಯಾಲನ್. ಅಂಗಡಿಯಲ್ಲಿ ಬಾಟಲಿ ಮುಗಿದಿದ್ದರೆ ಗಾಬರಿ ಬೇಡ. ತೊಳೆದ ಸ್ಟೀಲ್ ಕೊಳಗ, ಪಾತ್ರೆಗಳಿಗೆ ನಲ್ಲಿ ನೀರು ಹಿಡಿದು ಮುಚ್ಚಿಡಿ. ಬಾತ್‌ಟಬ್ ತುಂಬಿಸಿ, ಅದು ಟಾಯ್ಲೆಟ್‌ಗೆ. ಪುಟ್ಟ ಮಕ್ಕಳಿದ್ದರೆ ಆ ಕೋಣೆಗೆ ಬೀಗ ಹಾಕಿ. ಮಿಲ್ಟನ್ ರಾತ್ರಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪೈಪ್ ಒಡೆದು ಕುಡಿಯುವ ನೀರನ್ನೇ ನಿಲ್ಲಿಸಬೇಕಾಗಿ ಬಂದಿತ್ತು.

ಕಾಗದ ಪತ್ರ, ಮಾತ್ರೆ, ಊರಿಂದ ಬಂದ ಅಪ್ಪ ಅಮ್ಮ

ಪಾಸ್‌ಪೋರ್ಟ್, ಐ-797 (ವೀಸಾ ಅರ್ಜಿ ಮಂಜೂರಾದ ಪತ್ರ), ಗ್ರೀನ್ ಕಾರ್ಡ್, ಒಸಿಐ, ಮಕ್ಕಳ ಜನನ ಪತ್ರ, ಸೋಷಿಯಲ್ ಸೆಕ್ಯುರಿಟಿ ಕಾರ್ಡ್, ವಿಮೆ ಪಾಲಿಸಿ. ಇಷ್ಟನ್ನೂ ಎರಡು ಜಿಪ್‌ಲಾಕ್ ಚೀಲಕ್ಕೆ ಹಾಕಿ ಒಂದೇ ಬ್ಯಾಗಿನಲ್ಲಿಡಿ. ವೀಸಾದ ಮೇಲೆ ಇರುವವರಿಗೆ ನೆನೆದ ಪಾಸ್‌ಪೋರ್ಟ್ ಅಂದರೆ ತಿಂಗಳುಗಳ ತಲೆನೋವು. ಸ್ವಲ್ಪ ನಗದೂ ಇರಲಿ. ಕರೆಂಟ್ ಇಲ್ಲದ ಅಂಗಡಿಯಲ್ಲಿ ಕಾರ್ಡ್ ನಡೆಯಲ್ಲ.

ಫ್ಲೋರಿಡಾದಲ್ಲಿ ಗವರ್ನರ್ ತುರ್ತು ಪರಿಸ್ಥಿತಿ ಘೋಷಿಸಿದ ಕೌಂಟಿಗಳಲ್ಲಿ 30 ದಿನದ ಮಾತ್ರೆಯನ್ನು ಅವಧಿಗೆ ಮುಂಚೆಯೇ ರೀಫಿಲ್ ಮಾಡಿಸಿಕೊಳ್ಳಬಹುದು, ವಿಮೆ ಕಂಪನಿ ಬೇಡ ಅನ್ನುವ ಹಾಗಿಲ್ಲ. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಈ ಅನುಕೂಲ ಇಲ್ಲ. ಬಿಪಿ, ಸಕ್ಕರೆ ಮಾತ್ರೆ ಎಷ್ಟು ಉಳಿದಿದೆ ಅಂತ ಎಣಿಸಿ, ಬೇಕಿದ್ದರೆ ಇಲ್ಲಿನ ವೈದ್ಯರಿಂದ ಚೀಟಿ ಬರೆಸಿ. ಇನ್ಸುಲಿನ್‌ಗೆ ಸಣ್ಣ ಕೂಲರ್, ಐಸ್ ಪ್ಯಾಕ್ ಸಿದ್ಧವಿರಲಿ.

ಬೆಂಗಳೂರು ನಮಗಿಂತ ಒಂಬತ್ತೂವರೆ ಗಂಟೆ ಮುಂದಿದೆ. ಇಲ್ಲಿ ಮಧ್ಯರಾತ್ರಿ ಗಾಳಿ ಬೀಸುವಾಗ ಅಲ್ಲಿ ಬೆಳಗಿನ ಟಿವಿಯಲ್ಲಿ ಅದೇ ಸುದ್ದಿ. ಎಲ್ಲರೂ ಫೋನ್ ಮಾಡಿ ನಿಮ್ಮ ಬ್ಯಾಟರಿ ಮುಗಿಸುತ್ತಾರೆ. ಊರಲ್ಲಿ ಒಬ್ಬರನ್ನು ಗೊತ್ತು ಮಾಡಿ, ಅವರಿಗೆ ಮಾತ್ರ ಮೆಸೇಜ್ ಹಾಕಿ. ಉಳಿದವರು ಅವರನ್ನೇ ಕೇಳಲಿ.

ಹಿಂದಿನ ದಿನ

ಕಿಟಕಿಗೆ ಶಟರ್ ಹಾಕಿ. ಶಟರ್ ಇಲ್ಲದಿದ್ದರೆ ಕನಿಷ್ಠ 5/8 ಇಂಚು ದಪ್ಪದ ಪ್ಲೈವುಡ್. ಗಾಜಿಗೆ ಟೇಪ್ ಅಂಟಿಸುವುದರಿಂದ ಏನೂ ಉಪಯೋಗವಿಲ್ಲ, ಒಡೆದಾಗ ದೊಡ್ಡ ದೊಡ್ಡ ಚೂರುಗಳಾಗಿ ಬೀಳಬಹುದು ಅಷ್ಟೇ. ಲನಾಯ್‌ನ (ಮನೆ ಹಿಂದಿನ ಜಾಲರಿ ವರಾಂಡ) ಕುರ್ಚಿ, ಗ್ರಿಲ್, ಕಸದ ಡಬ್ಬ, ತುಳಸಿ ಕುಂಡ, ಮೂರು ವರ್ಷ ಮುದ್ದು ಮಾಡಿ ಬೆಳೆಸಿದ ಕರಿಬೇವಿನ ಗಿಡ, ಎಲ್ಲವೂ ಒಳಗೆ ಬರಲಿ. ಗಾಳಿಗೆ ಸಿಕ್ಕ ಕುಂಡ ಪಕ್ಕದ ಮನೆ ಕಿಟಕಿಗೆ ಕಲ್ಲಿನ ಗುಂಡು. ಮರದ ಕೊಂಬೆಯನ್ನು ಈಗ ಕಡಿಯಬೇಡಿ, ಕಸದ ಗಾಡಿ ಬರುವುದಿಲ್ಲ. ಮರಳು ಚೀಲ ಬಾಗಿಲ ಸಂದಿನಿಂದ ಬರುವ ಮಳೆ ನೀರಿಗೆ ಸರಿ. ಸಮುದ್ರವೇ ಬಂದರೆ ಅದರಿಂದ ಏನೂ ಆಗದು.

ಎಲೆಕ್ಟ್ರಿಕ್ ಕಾರು, ಸ್ಕೂಟರ್ ಇರುವವರು ಗಮನಿಸಿ. ಉಪ್ಪು ನೀರಲ್ಲಿ ಮುಳುಗಿದ ಲಿಥಿಯಂ ಬ್ಯಾಟರಿ ದಿನಗಳ ನಂತರವೂ ಹೊತ್ತಿಕೊಳ್ಳುತ್ತದೆ. ಇಯನ್, ಹೆಲೀನ್ ಎರಡರಲ್ಲೂ ಹೀಗಾಗಿದೆ. ನೀರು ಬರುವ ಜಾಗವಾದರೆ ಗ್ಯಾರೇಜಿನಲ್ಲಿ ಬಿಡಬೇಡಿ, ಎತ್ತರದ ಪಾರ್ಕಿಂಗ್‌ಗೆ ಒಯ್ಯಿರಿ.

ಫೋನ್, ಪವರ್ ಬ್ಯಾಂಕ್ ಚಾರ್ಜ್ ಮಾಡಿ, ಎಸಿ ಹಾಕಿ ಮನೆಯನ್ನು ಚೆನ್ನಾಗಿ ತಂಪು ಮಾಡಿ, ಬಟ್ಟೆ ಒಗೆದು ಮುಗಿಸಿ, ಎಲ್ಲರೂ ಸ್ನಾನ ಮಾಡಿ.

ಆ ರಾತ್ರಿ

ಕಿಟಕಿ ಇಲ್ಲದ ಒಳಕೋಣೆ ಆರಿಸಿ. ಬಾತ್‌ರೂಮ್, ದೊಡ್ಡ ಕ್ಲಾಸೆಟ್, ಇಲ್ಲವೇ ಮೆಟ್ಟಿಲ ಕೆಳಗಿನ ಜಾಗ. ಎಲ್ಲರ ಕಾಲಲ್ಲೂ ಶೂ ಇರಲಿ, ಮಕ್ಕಳಿಗೆ ಸೈಕಲ್ ಹೆಲ್ಮೆಟ್ ಹಾಕಿ. ಫೋನಿನ ಎಚ್ಚರಿಕೆ ಸದ್ದು ಆಫ್ ಮಾಡಬೇಡಿ. ಮಿಲ್ಟನ್ ದಡ ಮುಟ್ಟುವ ಮೊದಲೇ, ರಾಜ್ಯದ ಇನ್ನೊಂದು ಬದಿಯ ಸೇಂಟ್ ಲೂಸಿ ಕೌಂಟಿಯಲ್ಲಿ ಸುಂಟರಗಾಳಿ ಎದ್ದು ಆರು ಜನ ಸತ್ತರು. ಗಾಳಿ ಇದ್ದಕ್ಕಿದ್ದ ಹಾಗೆ ನಿಂತರೆ ಮುಗಿಯಿತು ಅಂತ ಹೊರಗೆ ಹೋಗಬೇಡಿ. ಅದು ಸುಳಿಯ ಕಣ್ಣು ಇರಬಹುದು. ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಅಷ್ಟೇ ಜೋರಾಗಿ ಬೀಸುತ್ತದೆ.

ಮಾರನೆಯ ದಿನ ಮತ್ತು ಆಮೇಲೆ

ಜನರೇಟರ್ ಮನೆಯಿಂದ 20 ಅಡಿ ದೂರದಲ್ಲಿ, ಹೊಗೆಕೊಳವೆ ಮನೆಗೆ ಬೆನ್ನು ಮಾಡಿರುವಂತೆ ಇರಲಿ. ಗ್ಯಾರೇಜಿನ ಬಾಗಿಲು ತೆರೆದಿದ್ದರೂ ಒಳಗೆ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. 2020ರಲ್ಲಿ ಲೂಸಿಯಾನಾದಲ್ಲಿ ಲಾರಾ ಬಂದು ಹೋದ ಮೇಲೆ ಎಷ್ಟೋ ಜನ ಹೀಗೇ ಸತ್ತರು. ಈ ಅನಿಲ ಕಂಡರೆ ಕೂಗುವ, ಬ್ಯಾಟರಿಯಲ್ಲಿ ನಡೆಯುವ ಅಲಾರ್ಮ್ ಹಾಸಿಗೆಯ ಹತ್ತಿರ ಇಡಿ.

ನಿಂತ ನೀರಿಗೆ ಇಳಿಯಬೇಡಿ. ಒಳಗೆ ಕರೆಂಟ್ ತಂತಿ ಇರಬಹುದು, ಚರಂಡಿ ನೀರಂತೂ ಇದ್ದೇ ಇರುತ್ತದೆ. ಮನೆಗೆ ನೀರು ಬಂದಿದ್ದರೆ ಯಾವುದನ್ನೂ ಎಸೆಯುವ ಮೊದಲು ಗೋಡೆಯ ಮೇಲಿನ ನೀರಿನ ಗೆರೆ ಸಮೇತ ಫೋಟೊ ತೆಗೆಯಿರಿ. ಆಮೇಲೆ ಒದ್ದೆ ಕಾರ್ಪೆಟ್ ತಡಮಾಡದೆ ಹೊರಗೆ ಹಾಕಿ, ಒಂದೆರಡು ದಿನದಲ್ಲೇ ಬೂಸ್ಟು ಹಿಡಿಯುತ್ತದೆ. ಸೂರು ರಿಪೇರಿ ಮಾಡುತ್ತೇವೆ ಅಂತ ಬಾಗಿಲಿಗೆ ಬಂದವರ ಕಾಗದಕ್ಕೆ ಅಂದೇ ಸಹಿ ಹಾಕಬೇಡಿ. ಲೈಸೆನ್ಸ್ ನಂಬರ್ ಕೇಳಿ, ರಾಜ್ಯದ ವೆಬ್‌ಸೈಟಿನಲ್ಲಿ ಹುಡುಕಿ ನೋಡಿ.

ವಿಮೆ ಕಂಪನಿಗೆ ಮೊದಲು ಕ್ಲೇಮ್ ಹಾಕಿ, ಆಮೇಲೆ ಫೀಮಾಗೆ (ಅಮೆರಿಕದ ಕೇಂದ್ರ ಸರ್ಕಾರದ ವಿಪತ್ತು ನೆರವಿನ ಸಂಸ್ಥೆ) ಅರ್ಜಿ. ಫೀಮಾದ ನಗದು ನೆರವು ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಸಿಗುತ್ತದೆ. ಎಚ್-1ಬಿ, ವಿದ್ಯಾರ್ಥಿ ವೀಸಾ, ವಿಸಿಟರ್ ವೀಸಾದವರಿಗೆ ಇಲ್ಲ. ಆದರೆ ಅದೇ ಮನೆಯಲ್ಲಿ ಇಲ್ಲೇ ಹುಟ್ಟಿದ ಮಗು ಇದ್ದರೆ, ಮಗುವಿನ ಸೋಷಿಯಲ್ ಸೆಕ್ಯುರಿಟಿ ನಂಬರ್ ಕೊಟ್ಟು ಅದರ ಪರವಾಗಿ ಅಪ್ಪ ಅಮ್ಮ ಅರ್ಜಿ ಹಾಕಬಹುದು. ಎಷ್ಟೋ ಮನೆಗಳಿಗೆ ಇದು ಗೊತ್ತೇ ಇರುವುದಿಲ್ಲ. ಮೊದಲ ಪತ್ರದಲ್ಲಿ ಅರ್ಹರಲ್ಲ ಅಂತ ಬಂದರೆ ಅಲ್ಲಿಗೇ ಕೈ ಬಿಡಬೇಡಿ. ಬಹಳ ಸಲ ಅವರಿಗೆ ಬೇಕಿರುವುದು ವಿಮೆ ಕಂಪನಿ ಬರೆದ ಪತ್ರದ ಒಂದು ಪ್ರತಿ ಅಷ್ಟೇ. ಪತ್ರದ ತಾರೀಖಿನಿಂದ 60 ದಿನದೊಳಗೆ ಅದನ್ನು ಸೇರಿಸಿ ಮೇಲ್ಮನವಿ ಕಳಿಸಿ.